ಗಂಗಾಂಬಿಕೆಯ ಕಿಟಕಿ, ನನ್ನ ಎರಡು ಎಂಬಿ

1995ರಲ್ಲಿ ಚಾಮರಾಜನಗರದ ಬಸ್ ಸ್ಟ್ಯಾಂಡ್ ಎದುರಿನ ಒಂದು ಕ್ಲಿನಿಕ್ಕಿಗೆ ಕಂಪ್ಯೂಟರ್ ಆಪರೇಟರ್ ಆಗಿ ಸೇರಿದೆ. ಗುಂಡ್ಲುಪೇಟೆಯಿಂದ ದಿನಾ ಬಸ್ಸಿನಲ್ಲಿ ನಿಂತೇ ಬರುತ್ತಿದ್ದ ನನ್ನನ್ನು ಅಲ್ಲಿ ಎಲ್ಲರೂ ಇಂಜಿನಿಯರ್ ಎನ್ನುತ್ತಿದ್ದರು. ಕಲಿತದ್ದು ಆರು ತಿಂಗಳ ಕೋರ್ಸು ಎಂದು ಹೇಳಲು ಸರಿಯಾದ ಸಂದರ್ಭ ಒದಗಲಿಲ್ಲ.

ರೋಗಿಗಳ ಕಾರ್ಡು ತೆಗೆದುಕೊಡುವವರು ಗಂಗಾಂಬಿಕೆ. ಹದಿನೆಂಟು ವರ್ಷದಿಂದ ಅದೇ ಸ್ಟೂಲು, ಅದೇ ಕಿಟಕಿ, ಬಾಯಲ್ಲಿ ಎಲೆಅಡಿಕೆ. ಡಾಕ್ಟರ್ ಸೋಮಶೇಖರ್ ನನಗೆ ಹೇಳಿದ್ದಿಷ್ಟೇ: "ಒಂದು ತಿಂಗಳಲ್ಲಿ ಕಂಪ್ಯೂಟರು ಇವರಷ್ಟು ಬೇಗ ಕಾರ್ಡು ತೋರಿಸಬೇಕು. ಇಲ್ಲಾಂದ್ರೆ ಅದನ್ನೂ ನಿನ್ನನ್ನೂ ಒಂದೇ ಆಟೋದಲ್ಲಿ ಕಳಿಸ್ತೀನಿ."

ಹೆಸರು ಒತ್ತಿದರೆ ಡಿಸ್ಕು ನಲವತ್ತು ಸೆಕೆಂಡು ಕಿರುಗುಟ್ಟುತ್ತಿತ್ತು. ಗಂಗಾಂಬಿಕೆಯ ಕಾರ್ಡು ರೋಗಿ ಮೆಟ್ಟಿಲು ಹತ್ತುವ ಮೊದಲೇ ಮೇಜಿನ ಮೇಲಿರುತ್ತಿತ್ತು.

ಡಿಸ್ಕಿನಿಂದ ಒಮ್ಮೆ ಓದಿದ್ದನ್ನು ಮೆಮೊರಿಯಲ್ಲೇ ಇಟ್ಟುಕೊಂಡರೆ ಮತ್ತೆ ಕೇಳಿದಾಗ ಥಟ್ಟನೆ ಸಿಗುತ್ತದೆ. ಅದಕ್ಕೆ ಡಿಸ್ಕ್ ಕ್ಯಾಶ್ ಎನ್ನುತ್ತಾರೆ. ಅದಕ್ಕೆ ಅರ್ಧ ಎಂಬಿ ಜಾಗ ಕೊಟ್ಟೆ, ಒಂದು ಕೊಟ್ಟೆ, ಕೈಗಡಿಯಾರ ಹಿಡಿದು ಅಳೆದೆ. ಮೆಮೊರಿಯಲ್ಲಿ ಇದ್ದ ನಾಲ್ಕು ಎಂಬಿಯಲ್ಲಿ ಮೂರು ಕೊಟ್ಟಾಗ ಕಾರ್ಡಿನ ಪ್ರೋಗ್ರಾಮಿಗೇ ಜಾಗವಿಲ್ಲದೆ ಅದು ಏಳಲೇ ಇಲ್ಲ. ಎರಡಕ್ಕೆ ಇಳಿಸಿದೆ. ಅದೇ ಹೆಸರನ್ನು ಮತ್ತೊಮ್ಮೆ ಒತ್ತಿದರೆ ಎರಡೇ ಸೆಕೆಂಡು! ಕುಣಿಯುವುದೊಂದು ಬಾಕಿ.

"ಅದ್ಯಾಕಪ್ಪ ಬೆಳಿಗ್ಗಿಂದ ಪುಟ್ಟಮಾದು ಎಸರನ್ನೇ ಕುಟ್ತಾ ಇದ್ದೀಯೆ? ಅವ್ನು ಸತ್ತು ಎರ್ಡು ವರ್ಸ ಆಯ್ತು ಕಣ" ಎಂದರು ಗಂಗಾಂಬಿಕೆ.

ನಿಜ. ಬದುಕಿದ್ದವರೂ ಒಂದೇ ಬೆಳಿಗ್ಗೆ ಎರಡು ಸಲ ಬರುತ್ತಿರಲಿಲ್ಲ.

ಗಡುವಿಗೆ ಮೂರು ದಿನವಿದ್ದಾಗ ನಾಚಿಕೆ ಬಿಟ್ಟು ಕೇಳಿದೆ: "ಅಕ್ಕ, ನೀವು ಹೆಂಗೆ ಹುಡುಕ್ತೀರಿ?"

"ಉಡ್ಕೋದ್ಯಾಕೆ? ಉಮ್ಮತ್ತೂರು ಬಸ್ಸಿಂದ ಇಳಿಯೋರ ಮೊಕ ನೋಡ್ತೀನಿ, ಕಾರ್ಡು ತೆಗೀತೀನಿ. ನೆನ್ನೆ ಕುದೇರಿನ ಸೊಸೆ ಸೊಂಟ ಇಡ್ಕಂಡು ಬಂದಿದ್ಲಾ? ಇವತ್ತು ಅತ್ತೆಗೂ ಸೊಂಟ ಇಡ್ಕಂಡಿರ್ತದೆ. ಬರ್ದೇ ಇದ್ರೆ ಕೇಳು."

ನನ್ನ ಕ್ಯಾಶು ಬಂದುಹೋದವರನ್ನು ನೆನೆಯುತ್ತಿತ್ತು, ಇವರು ಬರಲಿರುವವರನ್ನು. ಅತ್ತೆ ಹನ್ನೊಂದಕ್ಕೆ ಬಂದರು.

ಕಾರ್ಡಿನ ಧೂಳಿಗೆ ಸೀನಿ ಸೀನಿ ಸಾಕಾಗಿದ್ದ ಗಂಗಾಂಬಿಕೆ ಮರುದಿನದಿಂದ ಕಿಟಕಿಯಲ್ಲಿ ನೋಡಿ ಹೆಸರು ಕೂಗತೊಡಗಿದರು. ರೋಗಿ ರಸ್ತೆ ದಾಟುವಷ್ಟರಲ್ಲಿ ನಾನು ಅದನ್ನು ಒತ್ತಿ ಮೆಮೊರಿಗೆ ತುಂಬಿರುತ್ತಿದ್ದೆ.

ಗಡುವಿನ ದಿನ ಡಾಕ್ಟರೇ ಗಡಿಯಾರ ನೋಡುತ್ತ ನಿಂತರು. ಹತ್ತು ಜನ, ತಲಾ ಎರಡು ಸೆಕೆಂಡು. ನಾನು ಕಾಲರ್ ಸರಿಮಾಡಿಕೊಂಡೆ. ಕರೆಂಟು ಹೋಯಿತು. ಮತ್ತೆ ಬಂದಾಗ ಮೆಮೊರಿ ಖಾಲಿ, ಡಿಸ್ಕು ಕಿರುಗುಟ್ಟಿತು.

"ಕರೆಂಟ್ ಓದ್ರೆ ಗ್ಯಾನನೂ ಓಯ್ತದಾ ಇದ್ಕೆ? ಬುಡು, ತಿರ್ಗಾ ಯೋಳ್ತೀನಿ, ಒತ್ತು" ಎಂದು ಗಂಗಾಂಬಿಕೆ ಕಿಟಕಿಗೆ ತಿರುಗಿದರು.

ಡಾಕ್ಟರ್ ಗಡಿಯಾರದಿಂದ ಕಣ್ಣು ತೆಗೆದು ನನ್ನತ್ತ ತಿರುಗಿದರು.

"ನಿನ್ನ ಕೆಲಸ ಉಳೀತು ರಂಗರಾಜು. ಆದರೆ ಇವರು ರಜಾ ಹಾಕಿದ ದಿನ ನೀನೂ ಬರಬೇಡ."