ಕಾಕು ಕೂಡಿಸಿದ ವಿಮಾನ

ಕಳೆದ ವಾರ ಮಗಳ ಮನೆಗೆಂದು ಮಗರಪಟ್ಟಾಕ್ಕೆ ಹೋಗಿದ್ದೆ. ಅವಳು ಸೋಫಾದ ಮೇಲೆ ಕಾಲು ಚಾಚಿ ಕೂತು ಹತ್ತಿಯಿಂದ ಉಗುರಿನ ಬಣ್ಣ ಒರೆಸಿಕೊಳ್ಳುತ್ತಿದ್ದಳು. ಆ ರಿಮೂವರಿನ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಕೆಳಗಿನ ಮನೆಯ ಕಾಕು, ನಮಗೆಲ್ಲ ಚಿಕ್ಕಮ್ಮನಂತಿದ್ದವರು, ನೆನಪಾದರು. ಕಾಕು ಜೀವಮಾನದಲ್ಲಿ ಒಂದು ದಿನವೂ ಉಗುರಿಗೆ ಬಣ್ಣ ಹಚ್ಚಿದವರಲ್ಲ. ಆದರೆ ಗಂಡ ತೀರಿಕೊಂಡ ವರ್ಷ ಅವರು ಖರ್ಚು ಮಾಡಿದಷ್ಟು ರಿಮೂವರನ್ನು ನಮ್ಮ ಓಣಿಯ ಯಾವ ಹುಡುಗಿಯೂ ಮಾಡಿರಲಿಕ್ಕಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಊರು ಮರಾಠಿಯವರದಾದರೂ ಶಿವಾಜಿನಗರದ ನಮ್ಮ ಹಳೆಯ ಕಟ್ಟಡದಲ್ಲಿ ಅರ್ಧಕ್ಕರ್ಧ ಕಲಬುರ್ಗಿ, ವಿಜಾಪುರ ಕಡೆಯವರೇ. ನಾನು ಮೇಲಿನ ಮನೆ, ಕಾಕು-ಕಾಕಾ ಕೆಳಗಿನ ಮನೆ. ಕಾಕಾ ಲೋಹಗಾವದ ವಿಮಾನದಳದ ಸ್ಟೋರಿನಲ್ಲಿ ಗುಮಾಸ್ತರಾಗಿದ್ದವರು. ಹಾರಿದವರಲ್ಲ... ಯಾರೋ ಅಧಿಕಾರಿ ಖುಷಿಯಲ್ಲಿದ್ದಾಗ, ನಿಂತ ಹಂಟರ್ ವಿಮಾನವೊಂದರೊಳಗೆ ಅವರನ್ನು ಕೂರಿಸಿದ್ದರಂತೆ. ತರಬೇತಿಯ ವಿಮಾನ, ಪಕ್ಕಪಕ್ಕದಲ್ಲೇ ಎರಡು ಸೀಟು. ಹಾಗೆ ಕೂತ ಕಥೆಯನ್ನು ಕಟ್ಟಡದವರೆಲ್ಲ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದೆವು.

ನಿವೃತ್ತಿಯಾದ ಮೇಲೆ ಕಾಕಾಗೆ ಪ್ಲಾಸ್ಟಿಕ್ ಬಿಡಿಭಾಗ ಅಂಟಿಸಿ ಪುಟ್ಟ ವಿಮಾನ ಮಾಡುವ ಹುಚ್ಚು ಹತ್ತಿತು. ಆದರೆ ಅಂಗಡಿಯಲ್ಲಿ ಸಿಗುತ್ತಿದ್ದ ಹಂಟರ್ ಪೆಟ್ಟಿಗೆಯಲ್ಲಿದ್ದದ್ದು ಒಂದೇ ಸೀಟಿನ ವಿಮಾನ. ಎರಡು ಸೀಟಿನದು ಬೇಕೆಂದರೆ ಬೇರೊಬ್ಬರು ಮಾಡಿದ ಮೂತಿಯನ್ನು ಪ್ರತ್ಯೇಕವಾಗಿ ತರಿಸಬೇಕು. ಅದಕ್ಕೆ ಕನ್ವರ್ಷನ್ ಕಿಟ್ ಎನ್ನುತ್ತಾರೆ. ರಾಳದಲ್ಲಿ ಎರಕ ಹೊಯ್ದ ಅಗಲ ಮೂತಿ, ಎರಡು ಸೀಟು, ಮೇಲೊಂದು ಗಾಜಿನಂಥ ಮುಚ್ಚಳ. ಯಾರದೋ ಕೈಯಲ್ಲಿ ವಿಲಾಯತಿಯಿಂದ ಅದೂ ಬಂತು. ಅದನ್ನು ಕೂಡಿಸಬೇಕಾದರೆ ಮೊದಲು ಪೆಟ್ಟಿಗೆಯ ವಿಮಾನದ ಮೂತಿಯನ್ನು ಗರಗಸದಿಂದ ಕೊಯ್ಯಬೇಕು. ಕೊಯ್ದರೆ ಮುಗಿಯಿತು, ಮತ್ತೆ ಹಳೆಯದು ಆಗುವುದಿಲ್ಲ. ಕಾಕಾ ಒಂದು ಭಾನುವಾರ ಧೈರ್ಯ ಮಾಡಿ ಕೊಯ್ದರು. ಅದೇ ವಾರ ಎದೆನೋವು ಬಂದು ಹೋಗಿಬಿಟ್ಟರು.

ದೌಂಡದಲ್ಲಿ ರೈಲ್ವೆ ನೌಕರಿಯಲ್ಲಿದ್ದ ಮೈದುನ ಬಂದು ಕ್ರಿಯೆ ಮುಗಿಸಿದ. ಕಾಕಾನ ಹಳೆಯ ಬಟ್ಟೆಗಳ ಜೊತೆ ಮೂತಿಯಿಲ್ಲದ ಆ ವಿಮಾನವನ್ನೂ ಚೀಲಕ್ಕೆ ತುಂಬತೊಡಗಿದ. ಮುರಿದ ಸಾಮಾನು ಮನೆಯಲ್ಲಿರಬಾರದು ಎಂಬ ನ್ಯಾಯ. ಅಲ್ಲೇ ಕೂತಿದ್ದ ಕಾಕಾನ ಗೆಳೆಯರೊಬ್ಬರು, ಅವರದೂ ಇದೇ ಹುಚ್ಚು, ನಮಗೆ ಕೊಡಿ, ನಮ್ಮಲ್ಲಿ ಯಾರಾದರೂ ಮುಗಿಸುತ್ತೇವೆ ಎಂದರು. ಕಾಕು ಎದ್ದು ಬಂದು ಮೈದುನನ ಕೈಯಿಂದ ವಿಮಾನ ಕಸಿದುಕೊಂಡರು.

"ಕೊಯ್ದವರು ಅವರು. ಕೂಡಸಾಕಿ ನಾ," ಎಂದರು.

ಕಾಕು ಅಲ್ಲಿಯವರೆಗೆ ಆ ಸಾಮಾನು ಮುಟ್ಟಿದವರೇ ಅಲ್ಲ... ಮನೆ ತುಂಬ ಅಂಟಿನ ನಾತ ಎಂದು ಗಂಡನ ಜೊತೆ ಜಗಳಾಡಿದವರು.

ವರ್ಷ ತುಂಬುವವರೆಗೆ ಗಂಡ ಸತ್ತ ಹೆಂಗಸು ಒಳಕೋಣೆಯಲ್ಲಿರಬೇಕು ಎಂಬುದು ನಮ್ಮವರ ರೂಢಿ. ಕಾಕು ಬೀದಿ ಕಡೆಯ ಕಿಟಕಿಗೇ ಮೇಜು ಎಳೆದುಕೊಂಡರು, ಬೆಳಕು ಅಲ್ಲೇ ಇತ್ತು. ಹೋಗುವವರು ಬರುವವರು ಇಣುಕಿ ನೋಡುತ್ತಿದ್ದರು. ನೋಡಲಿ ಎಂದು ಕಾಕು ಪರದೆಯನ್ನೂ ತೆಗೆದುಹಾಕಿದರು. ನಾನು ಆಫೀಸಿನಿಂದ ಬಂದಮೇಲೆ ಇಂಗ್ಲಿಷಿನಲ್ಲಿದ್ದ ಸೂಚನೆಗಳನ್ನು ಓದಿ ಹೇಳುತ್ತಿದ್ದೆ. ರಾಳದ ಭಾಗಗಳನ್ನು ಮೊದಲು ಸೋಪಿನಲ್ಲಿ ತೊಳೆಯಬೇಕು, ಇಲ್ಲವಾದರೆ ಬಣ್ಣ ನಿಲ್ಲುವುದಿಲ್ಲ ಎಂದು ಅದರಲ್ಲಿತ್ತು. ಮಡಿಯ ಕಾಕುಗೆ ಇನ್ನೇನು ಬೇಕು? ಆ ಮೂತಿಯನ್ನು ದೇವರ ಪಾತ್ರೆಯ ಹಾಗೆ ತಿಕ್ಕಿ ತಿಕ್ಕಿ ತೊಳೆದರು.

ತೊಳೆದು ಜೋಡಿಸಿ ನೋಡಿದರೆ ಮೂತಿ ಸಣ್ಣದು, ಒಡಲು ದೊಡ್ಡದು. ಸುತ್ತಲೂ ಅಕ್ಕಿಕಾಳು ಹಿಡಿಯುವಷ್ಟು ಮೆಟ್ಟಿಲಿನಂಥ ತಗ್ಗು. ಅದನ್ನು ಗೋಡೆಗೆ ಮೆತ್ತುವಂಥ ಪುಟ್ಟಿಯಿಂದ ತುಂಬಿ, ರಿಮೂವರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ನಯ ಮಾಡಬೇಕಿತ್ತು. ಹೆಚ್ಚು ಅದ್ದಿದರೆ ಪ್ಲಾಸ್ಟಿಕ್ಕೇ ಕರಗುತ್ತಿತ್ತು. ತುಂಬುವುದು, ಒರೆಸುವುದು, ಬಿರುಕು ಬಿಟ್ಟರೆ ಮತ್ತೆ ತುಂಬುವುದು. ಹೀಗೆ ಕಾಕು ಮೇಲಿಂದ ಮೇಲೆ ಮೂಲೆಯಂಗಡಿಗೆ ಹೋಗಿ ರಿಮೂವರ್ ಕೇಳತೊಡಗಿದರು. ಓಣಿಗೆ ಬಾಯಿ ಬಂತು. ಗಂಡ ಸತ್ತು ವರ್ಷವಾಗಿಲ್ಲ, ಆಗಲೇ ಉಗುರಿಗೆ ಬಣ್ಣ ಬೇಕಂತೆ! ಸುದ್ದಿ ರೈಲು ಹತ್ತಿ ದೌಂಡಕ್ಕೂ ಹೋಯಿತು, ಮೈದುನ ಅತ್ತಿಗೆಯ ಹತ್ತಿರ ಓಡಿ ಬಂದ.

"ವೈನಿ, ಮಂದಿ ಏನ್ ಅನ್ನಾಕತ್ತಾರ ಗೊತ್ತದ ಏನ್ರಿ?"

ಮೇಜಿನ ಮೇಲೆ ವಿಮಾನ, ಪುಟ್ಟಿ, ಹತ್ತಿ ಎಲ್ಲ ಇತ್ತು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಕಾಕು ಹೇಳಲಿಲ್ಲ.

"ಅನ್ನಲಿ. ನಾಳೆ ಕೆಂಪು ಬಣ್ಣಾನೂ ತರಾಕಿ ಅದೀನಿ."

ಮರುದಿನ ಅಂಗಡಿ ತುಂಬ ಜನರಿದ್ದಾಗಲೇ ಹೋಗಿ, ಎಲ್ಲರಿಗೂ ಕೇಳುವಂತೆ ಕಡುಗೆಂಪು ಉಗುರುಬಣ್ಣ ಕೇಳಿ ತಂದರು. ವಿಮಾನದ ಎಡರೆಕ್ಕೆಯ ತುದಿಯಲ್ಲೊಂದು ಕೆಂಪು ದೀಪವಿರುತ್ತದೆ. ಅದಕ್ಕೆ ಬೇಕಾದದ್ದು ಒಂದು ಚುಕ್ಕೆ. ನಾನು ನಕ್ಕು ನಕ್ಕು ಸುಸ್ತಾದೆ. ಆ ಹೆಂಗಸಿನ ಮೇಲೆ ನನಗೆ ಅವತ್ತು ಉಕ್ಕಿದ ಪ್ರೀತಿ ಇವತ್ತಿಗೂ ಕಡಿಮೆಯಾಗಿಲ್ಲ.

ಮೂತಿಯೊಳಗೆ ಸೀಸದ ತೂಕ ತುಂಬಬೇಕು, ಇಲ್ಲವಾದರೆ ವಿಮಾನ ಬಾಲದ ಮೇಲೆ ಕೂತುಬಿಡುತ್ತದೆ ಎಂದೂ ಸೂಚನೆಯಲ್ಲಿತ್ತು. ನಾನು ಓದಿ ಹೇಳಿದೆ. ಕಾಕು ಬೇಳೆ ತೂಗುವವರ ಹಾಗೆ ಮೂತಿಯನ್ನು ಅಂಗೈಯಲ್ಲಿ ಎತ್ತಿ ಇಳಿಸಿ ನೋಡಿ, ಇದೇ ಭಾಳ ವಜ್ಜಾ ಅದ, ಸಾಕು ಎಂದರು. ಅಂದಾಜಿನಲ್ಲಿ ಅಡುಗೆ ಮಾಡುವವರ ಕೈ, ಯಾರ ಮಾತು ಕೇಳೀತು? ಸೀಟುಗಳ ಮೇಲೆ ಮುಚ್ಚಳ ಅಂಟಿಸುವ ಮೊದಲು ನನ್ನನ್ನು ಕರೆದು, "ಎಡಗಡೀದು ಅವರದು, ಬಲಗಡೀದು ನಂದು," ಎಂದು ತೋರಿಸಿದರು. ಅಳಲಿಲ್ಲ. ಅತ್ತವಳು ನಾನು...

ಬಣ್ಣ ಒಣಗಿದ ಮೇಲೆ ಗಾಲಿಯ ಮೇಲೆ ನಿಲ್ಲಿಸಿದರೆ, ಟಪ್ಪನೆ ಬಾಲ ನೆಲಕ್ಕೆ, ಮೂತಿ ಆಕಾಶಕ್ಕೆ. ಕಾಕು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದರು. ತೂಕ ತುಂಬಬೇಕೆಂದರೆ ಮುಚ್ಚಳ ಒಡೆಯಬೇಕು, ಸೀಟು ಕೀಳಬೇಕು. ಒಲ್ಲೆ ಎಂದರು.

ಕಾಕಾನ ಗೆಳೆಯರು ನಡೆಸುತ್ತಿದ್ದ ಪುಟ್ಟ ವಿಮಾನಗಳ ಪ್ರದರ್ಶನಕ್ಕೆ ಅದನ್ನು ಹಾಗೇ ಒಯ್ದರು. ಮೇಜಿನ ತುಂಬ ನೆಟ್ಟಗೆ ನಿಂತ ವಿಮಾನಗಳು, ನಡುವೆ ಇದೊಂದು ಬಾಲದ ಮೇಲೆ. ಅಂದು ವಿಮಾನ ಕೇಳಿದ್ದ ಗೆಳೆಯರೇ ಪಾಪ, ಒಳ್ಳೆಯ ಮನಸ್ಸಿನಿಂದಲೇ, ಬಾಲದ ಕೆಳಗೆ ಒಂದು ಸಣ್ಣ ಆಸರೆ ಕೊಟ್ಟರೆ ಸರಿಹೋಗುತ್ತದೆ ಎಂದು ಮರಾಠಿಯಲ್ಲಿ ಸೂಚಿಸಿದರು. ಕಾಕು ಮರಾಠಿಯಲ್ಲೇ ಬೇಡವೆಂದರು. ಆಮೇಲೆ ನನ್ನ ಕಡೆ ತಿರುಗಿ, "ನನಗೂ ಹಿಂಗ ಆಸರಾ ಕೊಡಾಕ ಬಂದಿದ್ರು ಎಲ್ಲಾರೂ. ನಾ ತಗೊಂಡ್ನೇನು?" ಎಂದರು. ಬಹುಮಾನ ಬರಲಿಲ್ಲ. ಮೂತಿ ಮೇಲೆತ್ತಿದ ವಿಮಾನವನ್ನು ಎರಡೂ ಕೈಯಲ್ಲಿ ಹಿಡಿದು, ಓಣಿಯ ನಟ್ಟನಡುವೆ ನಡೆದು ಮನೆಗೆ ಬಂದರು.

ಕಾಕು ಹೋಗಿಯೂ ಈಗ ಬಹಳ ವರ್ಷಗಳಾದವು. ನಿವೃತ್ತನಾದ ಮೈದುನ ಕೆಳಗಿನ ಮನೆಗೆ ಬಂದಿದ್ದಾನೆ. ವಿಮಾನವನ್ನು ಎಸೆಯಲಿಲ್ಲ, ಅಷ್ಟರ ಮಟ್ಟಿಗೆ ಪುಣ್ಯವಂತ. ಆದರೆ ನೋಡಲು ನೆಟ್ಟಗಿರಲಿ ಎಂದು ಬಾಲದ ಕೆಳಗೆ ಒಂದು ಕಡ್ಡಿಪೆಟ್ಟಿಗೆ ಇಟ್ಟಿದ್ದಾನೆ. ಅವನು ನೀರು ತರಲು ಒಳಗೆ ಹೋದಾಗ ನಾನದನ್ನು ತೆಗೆದು ಚೀಲಕ್ಕೆ ಹಾಕಿಕೊಳ್ಳುತ್ತೇನೆ. ಮುಂದಿನ ಸಲ ಹೋದರೆ ಅಲ್ಲಿ ಇನ್ನೊಂದಿರುತ್ತದೆ. ಅದನ್ನೂ ತರುತ್ತೇನೆ. ನಮ್ಮ ಮನೆಯಲ್ಲಿ ಕಡ್ಡಿಪೆಟ್ಟಿಗೆ ಕೊಳ್ಳುವುದೇ ನಿಂತುಹೋಗಿದೆ. ಇದನ್ನು ಹೇಳಿ ನಗೋಣವೆಂದರೆ ಕಾಕು ಇಲ್ಲ.