ಮೆಣಸಿನ ಗೋದಾಮಿನಲ್ಲಿ ಒಂದು ಚಾಪೆಯಷ್ಟು ಜಾಗ

ಇದು ಶುರುವಾದದ್ದು ೧೯೬೧ರ ಸುಗ್ಗಿ ತಿಂಗಳಲ್ಲಿ, ಮಸೀದಿಯ ಬೆಳಗಿನ ಬಾಂಗು ಮುಗಿದ ಹೊತ್ತಿಗೆ. ಮೂರು ವರ್ಷ ಕಳೆದು ಈ ಆದಿತ್ಯವಾರವೂ ಅದೇ ಹೊತ್ತು. ಕಡಬ ಪೇಟೆ ಇನ್ನೂ ಎದ್ದಿಲ್ಲ. ಒಳ್ಳೆಮೆಣಸು, ಗೇರುಬೀಜ ಕೊಳ್ಳುವ ಸಾಹುಕಾರರ ಗೋದಾಮಿನಲ್ಲಿ ಕಾವಲಿನ ಪೋಕರ್ ಮೂಟೆಗಳನ್ನು ಗೋಡೆಯ ಕಡೆಗೆ ಎಳೆಯುತ್ತಿದ್ದಾರೆ. ನಡುವೆ ಒಂದು ಚಾಪೆಯಷ್ಟು ನೆಲ ತೆರವಾದ ಮೇಲೆ ಗುಡಿಸುತ್ತಾರೆ. ಚಾಪೆ ಅವರದಲ್ಲ, ಟೈಲರ್ ತೀರ್ಥರಾಮರದು.

ಮೆಷಿನ್ ಮುಂದೆ ಬಗ್ಗಿ ಬಗ್ಗಿ ತೀರ್ಥರಾಮರ ಬೆನ್ನು ಹಿಡಿದುಹೋಗಿತ್ತು. ಒಂದು ಮಳೆಗಾಲವಿಡೀ ಅಂಗಡಿ ಮುಚ್ಚಿತ್ತು. ಪುತ್ತೂರಿನ ಮೇಷ್ಟ್ರೊಬ್ಬರು ಯೋಗಾಸನ ಕಲಿಸಿ, "ನಿತ್ಯ ಮಾಡಿ, ಬಿಟ್ಟರೆ ನೋವು ತಿರುಗಿ ಬರ್ತದೆ" ಎಂದು ಕಳಿಸಿದರು. ಕಲಿತದ್ದಾಯಿತು, ಮಾಡುವುದೆಲ್ಲಿ? ಮನೆ ಒಂದೇ ಕೋಣೆ, ಮಕ್ಕಳು ಸಾಲಾಗಿ ಮಲಗಿರುತ್ತಾರೆ. ದೈವದ ಚಾವಡಿಯಲ್ಲಿ ಶೀರ್ಷಾಸನ ಹಾಕಿದ ದಿನವೇ ಅಲ್ಲಿಯ ಯಜಮಾನರು ಓಡಿ ಬಂದರಂತೆ. "ಎಂತ ಮಾಡುದು ಮಾರಾಯ! ಅಟ್ಟದಲ್ಲಿ ದೈವದ ಭಂಡಾರ ಉಂಟು, ನೀನು ಅದಕ್ಕೆ ಕಾಲು ತೋರ್ಸುದಾ?"

ಆಗ ಕರೆದು ಜಾಗ ಕೊಟ್ಟವರು ಪೋಕರ್. "ನಮ್ಮ ಅಟ್ಟದಲ್ಲಿ ಇಲಿ ಮಾತ್ರ ಇರುದು, ಅವಕ್ಕೆ ಬೇಕಾದಷ್ಟು ಕಾಲು ತೋರ್ಸಿ ಅಂದೆ" ಎಂದು ನಗುತ್ತಾರೆ. ಅವರದು ಒಂದೇ ಕರಾರು: ಮಲಗುವಾಗ ಪಡುವಣಕ್ಕೆ ಕಾಲು ಚಾಚಬಾರದು, ಅದು ನಮಾಜಿನ ದಿಕ್ಕು. ಉತ್ತರಕ್ಕಾಗಲಿ ಪಡುವಣಕ್ಕಾಗಲಿ ತಲೆ ಇಡಲು ತೀರ್ಥರಾಮರೇ ಒಪ್ಪುವುದಿಲ್ಲ. ಹಾಗಾಗಿ ಶವಾಸನಕ್ಕೆ ತಲೆ ಯಾವಾಗಲೂ ತೆಂಕಕ್ಕೆ. ಮೆಣಸು ಬರುವ ತಿಂಗಳಲ್ಲಿ ಪ್ರಾಣಾಯಾಮವಿಲ್ಲ. ಒಮ್ಮೆ ಉಸಿರೆಳೆದು ಕೂತವರು ಅಂಗಡಿ ತೆರೆಯುವವರೆಗೂ ಸೀನಿದ್ದರಂತೆ.

ಈಗ ಸಾಹುಕಾರರು ಪೋಕರ್‌ರನ್ನು ಸುಳ್ಯದ ಅಂಗಡಿಗೆ ಕರೆದಿದ್ದಾರೆ, ನಾಳೆಯೇ ಹೊರಡಬೇಕು. ಅವರ ಜಾಗಕ್ಕೆ ಬಂದಿರುವ ಮಹಾಬಲ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಾರೆ.

"ಇದು ಗೋದಾಮಾ, ಸರ್ಕಸ್ಸಾ? ನಾಳೆಯಿಂದ ನಾನು ಬಾಗಿಲು ತೆರೆಯುದಿಲ್ಲ. ಏನಾದರೂ ಕಳವಾದರೆ ನನ್ನ ತಲೆಗೆ ಬರ್ತದೆ."

ತೀರ್ಥರಾಮರು ಚಾಪೆ ಬಿಡಿಸದೆ ಕಂಕುಳಲ್ಲೇ ಹಿಡಿದಿದ್ದಾರೆ. "ಬೇಡ ಪೋಕರಾಕ, ನಾನು ಬೇರೆ ಕಡೆ ನೋಡ್ತೇನೆ."

"ಎಲ್ಲಿ ನೋಡುದು? ಪುನಃ ಚಾವಡಿಗಾ?" ಪೋಕರ್ ಮಹಾಬಲರ ಕಡೆ ತಿರುಗುತ್ತಾರೆ. "ಸಾಹುಕಾರ್ರಿಗೆ ಎಲ್ಲ ಗೊತ್ತುಂಟು, ಕೇಳಿ ಬೇಕಾದ್ರೆ. ನಿಮ್ಮ ಮೈಮೇಲಿನ ಅಂಗಿ ಯಾರು ಹೊಲಿದದ್ದು ಮಾರಾಯ್ರೆ?"

ಮಹಾಬಲ ಅಂಗಿ ನೋಡಿಕೊಳ್ಳುತ್ತಾರೆ. "ಇವರೇ."

"ಕಡಬದ ಅರ್ಧ ಜನಕ್ಕೂ ಇವರೇ. ಇವರ ಬೆನ್ನು ಪುನಃ ಹಿಡಿದುಹೋದರೆ ಊರೆಲ್ಲ ಬರಿಮೈ. ನಾನು ಓದಿದವನಲ್ಲ, ಆಸನ ಗೊತ್ತಿಲ್ಲ. ಒಬ್ಬರ ಬೆನ್ನು ಕಾದಿದ್ದೇನೆ, ಅಷ್ಟೇ. ಇನ್ನು ನೀವು ಕಾಯಿರಿ. ಹಿಡಿಯಿರಿ ಆ ಕಡೆ."

ಕೊನೆಯ ಮೂಟೆಯ ಇನ್ನೊಂದು ತುದಿಯನ್ನು ಮಹಾಬಲ ಗೊಣಗುತ್ತಲೇ ಹಿಡಿದರು. ತೀರ್ಥರಾಮರು ಚಾಪೆ ಬಿಡಿಸಿದರು. ಮರುದಿನ, ಸೋಮವಾರ, ಮೊದಲ ಬಸ್ಸಿಗೆ ಪೋಕರ್ ಸುಳ್ಯಕ್ಕೆ ಹೋದರು.