ನಾಣ್ಯದ ಕೆನ್ನೆಗೆ ಇಟ್ಟ ಉಳಿ

ಉಳಿಯ ಏಟು ಬಿದ್ದ ಮೇಲೆ ಗೊತ್ತಾಯಿತು, ಅದು ಒಳಗೂ ಅಪ್ಪಟ ಚಿನ್ನ. ಆದರೆ ನಾಣ್ಯದಲ್ಲಿದ್ದ ಟೊಪ್ಪಿಯ ಹೆಂಗಸಿನ ಕೆನ್ನೆ ಸೀಳಿ ಹೋಗಿತ್ತು.

ಅದನ್ನು ತಂದವರು ನನ್ನ ಅಂಗಡಿಯೆದುರು ದಿನಾ ಬುಟ್ಟಿ ಹೊತ್ತು ಹೋಗುವ ಬೋಳಾರದ ಮೀನಿನ ಅಕ್ಕ. ಹಡಗು ಒಡೆದು ನೀರಿಗೆ ಬಿದ್ದ ನಾವಿಕನೊಬ್ಬನನ್ನು ಅವರ ಅಜ್ಜ ದೋಣಿಗೆ ಎಳೆದುಕೊಂಡಿದ್ದರಂತೆ. ಅವನು ಕೊಟ್ಟ ನಾಣ್ಯ. ಮಗಳ ಮದುವೆಗೆ ಅದಕ್ಕೊಂದು ಕೊಂಡಿ ಹಾಕಿಸಬೇಕಿತ್ತು. ನಾವು ಅಕ್ಕಸಾಲಿಗರು ಸರಕ್ಕೆ ಪೋಣಿಸುವ ಪವನು ಇಂಗ್ಲಿಷರ ಚಿನ್ನದ ನಾಣ್ಯ, ಅದರಲ್ಲಿ ರಾಜನ ತಲೆ ಇರುತ್ತದೆ. ಇದರಲ್ಲಿ ಒಂದು ಬದಿ ಹೆಂಗಸು, ಸುತ್ತ ನಕ್ಷತ್ರ. ಇನ್ನೊಂದು ಬದಿ ರೆಕ್ಕೆ ಬಿಚ್ಚಿದ ಹದ್ದು. ಬೆಲೆಯನ್ನೂ ಬರೆದಿರಲಿಲ್ಲ. ಹಿತ್ತಾಳೆಗೆ ಚಿನ್ನದ ನೀರು ಹಾಕಿದ್ದು ಎಂದುಕೊಂಡು, ಅವರನ್ನು ಕೇಳದೆ ಉಳಿ ಇಟ್ಟೆ.

ಅವರು ಸ್ವರ ಏರಿಸಲಿಲ್ಲ. "ಕಿವಿರು ಎತ್ತಿ ನೋಡಿ ಮೀನು ತೆಗೊಳ್ಳಿ ಅಂತ ನಾನೇ ಹೇಳ್ತೇನೆ, ಆಚಾರ್ರೇ. ಕೊಯ್ಯುವ ಮೊದಲು ಒಂದು ಮಾತು ಕೇಳ್ಬಹುದಿತ್ತಲ್ಲ" ಎಂದರು.

ಆಮೇಲೆ ಕಾಲೇಜಿನ ಪಾದ್ರಿಯೊಬ್ಬರಿಗೆ ಆ ಚಿತ್ರಗಳನ್ನು ವಿವರಿಸಿದೆ. ಅದು ಅಮೆರಿಕದ ಮೊದಮೊದಲ ಚಿನ್ನದ ನಾಣ್ಯವಂತೆ. ಅಲ್ಲಿ ರಾಜನಿಲ್ಲದ್ದರಿಂದ ಸ್ವಾತಂತ್ರ್ಯವನ್ನೇ ಹೆಂಗಸಾಗಿ ಕೆತ್ತಿದ್ದರಂತೆ. ಚಿನ್ನದ ತೂಕವೇ ಅದರ ಬೆಲೆ, ಹಾಗಾಗಿ ಬೆಲೆ ಬರೆಯಲಿಲ್ಲವಂತೆ.

ಮದುವೆಗೆ ನನ್ನನ್ನೂ ಕರೆದಿದ್ದರು. ಮದುಮಗಳ ಕೊರಳಲ್ಲಿ ಹದ್ದಿನ ಬದಿ ಹೊರಗಿತ್ತು. ನಾನು ಮಾಡಿದ ಗಾಯ ಯಾರಿಗೂ ಕಾಣುತ್ತಿರಲಿಲ್ಲ. ಅದೇ ನಾಣ್ಯವನ್ನು ವಕೀಲರ ಮನೆಯವರು ತಂದಿದ್ದರೆ ಅಂಚನ್ನು ಮೆಲ್ಲಗೆ ಒರೆಗಲ್ಲಿಗೆ ಉಜ್ಜಿ ನೋಡುತ್ತಿದ್ದೆ. ಆ ಕಲ್ಲು ಅವತ್ತೂ ನನ್ನ ಮೊಣಕಾಲಿನ ಹತ್ತಿರವೇ ಇತ್ತು.